ಪ್ರತಿ ಸ್ಟ್ರೋಕಿನಲ್ಲೂ ಒಂದು ಬ್ರೇಕು: ಆ್ಯಡಂ ಪೀಟಿ ಮತ್ತು ಬ್ರೆಸ್ಟ್‌ಸ್ಟ್ರೋಕ್‌ನ ಲೆಕ್ಕಾಚಾರ

(ಸ್ಪರ್ಧಾತ್ಮಕ ಈಜು ಕಲಿಯುತ್ತಿರುವ ಮಕ್ಕಳ ಪೋಷಕರು ಮತ್ತು ಕೋಚ್‌ಗಳಿಗಾಗಿ ಬೆಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಪುರುಷರ 100 ಮೀಟರ್ ಫ್ರೀಸ್ಟೈಲ್ ವಿಶ್ವದಾಖಲೆ 46.40 ಸೆಕೆಂಡು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್‌ಲೆ ಬರೆದದ್ದು. ಅಷ್ಟೇ ದೂರದ ಬ್ರೆಸ್ಟ್‌ಸ್ಟ್ರೋಕ್ ದಾಖಲೆ 56.88. ಅದು ಇಂಗ್ಲೆಂಡಿನ ಆ್ಯಡಂ ಪೀಟಿಯದು, 2019ರಲ್ಲಿ ದಕ್ಷಿಣ ಕೊರಿಯಾದ ಗ್ವಾಂಗ್ಜುವಿನಲ್ಲಿ ಬಂದದ್ದು. ಎರಡರ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಅಂತರವಿದೆ. ಪೀಟಿಯ ತೋಳು, ಎದೆ, ತೊಡೆಗಳ ಬಲ ಯಾವ ಫ್ರೀಸ್ಟೈಲ್ ಈಜುಗಾರನಿಗೂ ಕಡಿಮೆಯಿಲ್ಲ. ಹಾಗಿದ್ದೂ ಹತ್ತು ಸೆಕೆಂಡು ಎಲ್ಲಿ ಹೋಯಿತು?

ಸ್ಟ್ರೋಕಿನ, ಅಂದರೆ ಕೈಕಾಲಿನ ಒಂದು ಪೂರ್ತಿ ಆವರ್ತದ, ಒಳಗೇ ಹೋಯಿತು. ಈಜಿನ ನಾಲ್ಕು ಶೈಲಿಗಳಲ್ಲಿ (ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ) ಒಂದೇ ಸ್ಟ್ರೋಕಿನೊಳಗೆ ವೇಗ ಅತಿ ಹೆಚ್ಚು ಏರಿಳಿಯುವುದು ಬ್ರೆಸ್ಟ್‌ಸ್ಟ್ರೋಕಿನಲ್ಲಿ. ಸಾಗುತ್ತಿರುವ ಸೈಕಲ್ಲಿಗೆ ಪ್ರತಿ ತುಳಿತಕ್ಕೂ ಒಮ್ಮೆ ಬ್ರೇಕ್ ಹಿಡಿದು ಬಿಟ್ಟ ಹಾಗೆ ಇದರ ನಡೆ. ಈ ಶೈಲಿಯಲ್ಲಿ ದೊಡ್ಡ ಹೆಸರು ಮಾಡಿದವರೆಲ್ಲ ಮುಖ್ಯವಾಗಿ ಮಾಡಿದ್ದು ಆ ಬ್ರೇಕಿನ ಅವಧಿಯನ್ನು ಕಿರಿದುಗೊಳಿಸುವ ಕೆಲಸ. ಪೀಟಿಯ ಹತ್ತು ವರ್ಷವನ್ನು ಪದಕಗಳ ಪಟ್ಟಿಯಾಗಿ ನೋಡುವುದಕ್ಕಿಂತ ಈ ಕಣ್ಣಿನಿಂದ ನೋಡಿದರೆ ನಮ್ಮ ಮಕ್ಕಳಿಗೆ ಉಪಯೋಗವಾಗುವುದು ಬಹಳ ಸಿಗುತ್ತದೆ.

ಮೊದಲು ಒಂದು ಸ್ಟ್ರೋಕನ್ನು ಬಿಡಿಸಿ ನೋಡೋಣ. ಕೈ ಮುಂದಕ್ಕೆ ಚಾಚಿದೆ, ಕಾಲು ಹಿಂದೆ ನೇರವಾಗಿದೆ. ಅಂಗೈಗಳು ಭುಜಕ್ಕಿಂತ ತುಸು ಅಗಲಕ್ಕೆ ತೆರೆದು, ಮೊಣಕೈ ಎತ್ತರದಲ್ಲೇ ಉಳಿದು, ನೀರನ್ನು ಹಿಡಿದು ಎದೆಯ ಕೆಳಗೆ ಒಳಮುಖವಾಗಿ ಬರುತ್ತವೆ. ವೇಗದ ಮೊದಲ ಏರು ಇಲ್ಲಿ. ಅದೇ ಹೊತ್ತಿಗೆ ತಲೆ ಮೇಲೆ ಬಂದು ಉಸಿರು ಸಿಗುತ್ತದೆ. ಕೈ ಮತ್ತೆ ಮುಂದಕ್ಕೆ ಹೊರಡುವಾಗ ಹಿಮ್ಮಡಿ ಪೃಷ್ಠದ ಕಡೆಗೆ ಮಡಚಿಕೊಳ್ಳಬೇಕು. ಬ್ರೇಕು ಬೀಳುವುದು ಇಲ್ಲಿಯೇ. ತೊಡೆಗಳ ಮುಂಭಾಗ ನೀರಿಗೆ ಎದುರಾಗಿ ನಿಲ್ಲುತ್ತದೆ, ವೇಗ ಕುಸಿಯುತ್ತದೆ. ಕಲಿಯುವ ಮಕ್ಕಳಲ್ಲಿ ದೇಹ ಆ ಕ್ಷಣ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಆಮೇಲೆ ಪಾದ ಹೊರಕ್ಕೆ ತಿರುಗಿ ಕಿಕ್ ಬಿದ್ದು ವೇಗ ಎರಡನೆಯ ಸಲ ಏರುತ್ತದೆ. ದೇಹ ನೇರವಾಗಿ ಜಾರುತ್ತದೆ. ಅಲ್ಲಿಗೆ ಒಂದು ಆವರ್ತ ಮುಗಿಯಿತು.

ಬ್ರೇಕು ಎಷ್ಟು ಬಲವಾಗಿ ಬೀಳುತ್ತದೆ ಎಂಬುದು ತೊಡೆ ಹೊಟ್ಟೆಯ ಕಡೆಗೆ ಎಷ್ಟು ಮಡಚುತ್ತದೆ ಎಂಬುದರ ಮೇಲಿದೆ. ಮಂಡಿಯನ್ನು ಹೊಟ್ಟೆಯ ಕೆಳಗೆ ಎಳೆದುಕೊಳ್ಳುವುದು ನಮ್ಮ ಕೊಳಗಳಲ್ಲಿ ದಿನವೂ ಕಾಣುವ ತಪ್ಪು. ಆ ಮಗುವಿನ ಕಿಕ್ ಎಷ್ಟೇ ಜೋರಾಗಿದ್ದರೂ ಅರ್ಧ ಬಲ ತಾನೇ ಹಾಕಿಕೊಂಡ ಬ್ರೇಕನ್ನು ಬಿಡಿಸುವುದಕ್ಕೇ ಖರ್ಚಾಗುತ್ತದೆ. ಸರಿಯಾದ ಕ್ರಮದಲ್ಲಿ ಹಿಮ್ಮಡಿ ಹಿಂದಕ್ಕೆ, ಮೇಲಕ್ಕೆ ಬರಬೇಕು. ಮಂಡಿಗಳ ನಡುವಿನ ಅಂತರ ಸೊಂಟದಷ್ಟೇ ಅಗಲ ಅಥವಾ ಅದಕ್ಕಿಂತ ತುಸು ಹೆಚ್ಚಿರಬೇಕು. ಪಾದಗಳು ಮಂಡಿಗಿಂತ ಹೊರಗಿರಬೇಕು. ಒದೆಯುವ ಮುನ್ನ ಪಾದ ಮೊಣಕಾಲಿನ ಕಡೆಗೆ ಮಡಚಿ, ಬೆರಳುಗಳು ಹೊರಕ್ಕೆ ತಿರುಗಿರಬೇಕು. ಪಾದದ ಒಳಬದಿ ಮತ್ತು ಮೀನಖಂಡದ ಒಳಬದಿ ಎರಡೂ ಸೇರಿ ನೀರನ್ನು ಹಿಂದಕ್ಕೆ ತಳ್ಳುತ್ತವೆ. ಕಡೆಯಲ್ಲಿ ಬೆರಳು ಚಾಚಿ ಎರಡೂ ಅಂಗಾಲು ಸೇರಬೇಕು. ಈ ಕೊನೆಯ ಅರ್ಧ ಅಡಿಯನ್ನು ಬಹಳ ಮಕ್ಕಳು ಮುಗಿಸುವುದೇ ಇಲ್ಲ. ಕಾಲು ಅಗಲಿಸಿಕೊಂಡೇ ಮುಂದಿನ ಸ್ಟ್ರೋಕಿಗೆ ಹೋಗುತ್ತಾರೆ, ಜಾರುವಾಗ ಆ ಕಾಲುಗಳೇ ಎಳೆತ ಕೊಡುತ್ತವೆ.

ಈಗ ಪೀಟಿಗೆ ಬರುತ್ತೇನೆ. 1994ರ ಡಿಸೆಂಬರ್ 28ರಂದು ಸ್ಟ್ಯಾಫರ್ಡ್‌ಶೈರ್‌ನ ಯುಟಾಕ್ಸೆಟರ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದವರು. ಡರ್ಬಿ ನಗರದ ಕ್ಲಬ್ಬಿನಲ್ಲಿ ಅವರನ್ನು ಮೊದಲು ಗಮನಿಸಿದ ಕೋಚ್ ಮೆಲ್ ಮಾರ್ಷಲ್, ಸ್ವತಃ ಎರಡು ಒಲಿಂಪಿಕ್ಸ್ ಈಜಿದವರು. ಹುಡುಗನ ಫ್ರೀಸ್ಟೈಲ್ ಅವರಿಗೆ ಏನೂ ಅನಿಸಲಿಲ್ಲ, ಬ್ರೆಸ್ಟ್‌ಸ್ಟ್ರೋಕ್ ನೋಡಿದ ಮೇಲೆ ಕಣ್ಣು ನೆಟ್ಟರು. ಪೀಟಿಯ ಮಂಡಿ ಮತ್ತು ಕಣಕಾಲಿನ ಕೀಲುಗಳು ಸಾಮಾನ್ಯರಿಗಿಂತ ಹೆಚ್ಚು ಬಾಗುತ್ತವೆ. ಪಾದ ಸಲೀಸಾಗಿ ಹೊರಕ್ಕೆ ತಿರುಗಿ ಹೆಚ್ಚು ನೀರನ್ನು ಹಿಡಿಯುತ್ತದೆ. ಈ ಗುಣ ಹುಟ್ಟಿನಿಂದ ಬರುವಂಥದ್ದು, ತರಬೇತಿಯಿಂದ ಸ್ವಲ್ಪ ಮಾತ್ರ ಹೆಚ್ಚಿಸಬಹುದು. ಆದರೆ ಇಂಥ ಕೀಲಿರುವ ಮಕ್ಕಳು ಪ್ರತಿ ಊರಿನಲ್ಲೂ ಸಿಗುತ್ತಾರೆ. ಪೀಟಿಯನ್ನು ಬೇರೆ ಮಾಡಿದ್ದು ಅದರ ಮೇಲೆ ಕಟ್ಟಿದ ಲಯ.

ಪೀಟಿಗೆ ಮುಂಚೆ ಈ ಶೈಲಿಯ ಮಾದರಿ ಜಪಾನಿನ ಕೊಸುಕೆ ಕಿಟಾಜಿಮಾ. 2004ರ ಅಥೆನ್ಸ್ ಮತ್ತು 2008ರ ಬೀಜಿಂಗ್, ಎರಡೂ ಒಲಿಂಪಿಕ್ಸ್‌ನಲ್ಲಿ 100 ಮತ್ತು 200 ಮೀಟರ್ ಚಿನ್ನ ಗೆದ್ದವರು. ಬೀಜಿಂಗ್‌ನಲ್ಲಿ 58.91ಕ್ಕೆ ಮುಗಿಸಿ 100 ಮೀಟರ್‌ನಲ್ಲಿ 59ರ ಒಳಗೆ ಬಂದ ಮೊದಲಿಗರಾದರು. ಅವರದು ನೀಳವಾದ ಜಾರು, ಕಡಿಮೆ ಸ್ಟ್ರೋಕು. ಕಿಕ್‌ನಿಂದ ಬಂದ ವೇಗವನ್ನು ಆದಷ್ಟು ಹೊತ್ತು ಉಳಿಸಿಕೊಂಡು, ಬ್ರೇಕು ಬೀಳುವ ಸಲಗಳನ್ನೇ ಕಡಿಮೆ ಮಾಡುವ ದಾರಿ. ಪೀಟಿ ಮತ್ತು ಮಾರ್ಷಲ್ ಹಿಡಿದದ್ದು ಇನ್ನೊಂದು ದಾರಿ. ಸ್ಟ್ರೋಕಿನ ಸಂಖ್ಯೆ ಹೆಚ್ಚಿದರೂ ಚಿಂತೆಯಿಲ್ಲ, ವೇಗ ಇಳಿಯುವ ಮುಂಚೆಯೇ ಮುಂದಿನ ಎಳೆತ ಬಂದುಬಿಡಬೇಕು. ನೀರಿನ ಮೇಲೆ ಎತ್ತರದಲ್ಲಿರುವ ಎದೆ, ಕಿರಿದಾದ ಚುರುಕು ಕಿಕ್, ಜಾರು ಇಲ್ಲವೇ ಇಲ್ಲ ಎನ್ನುವಷ್ಟು ಚಿಕ್ಕದು. 200 ಮೀಟರ್ ಈಜುವವರು ಒಂದು ಆವರ್ತಕ್ಕೆ ಸುಮಾರು ಒಂದೂವರೆ ಸೆಕೆಂಡು ತೆಗೆದುಕೊಂಡರೆ, ಈ ಬಗೆಯ ಸ್ಪ್ರಿಂಟರ್‌ಗಳು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾರೆ.

ಇಲ್ಲಿ ಕೋಚ್‌ಗಳಿಗೆ ಒಂದು ಮಾತು ಒತ್ತಿ ಹೇಳಬೇಕು. ಪೀಟಿಯ ವಿಡಿಯೊ ನೋಡಿ ಹನ್ನೊಂದು ವರ್ಷದ ಮಗುವಿಗೆ ‘ಕೈ ಬೇಗ ಆಡಿಸು’ ಎನ್ನುವುದು ದೊಡ್ಡ ಅನ್ಯಾಯ. ಆ ಲಯವನ್ನು ಹೊರಲು ಬೆನ್ನು, ಹೊಟ್ಟೆ, ಭುಜಗಳ ಬಲ ಬೇಕು. ಅದಿಲ್ಲದ ಮಗು ಬೇಗ ಬೇಗ ಮಾಡಹೊರಟಾಗ ಕೈ ಎಳೆತ ಮತ್ತು ಕಿಕ್ ಒಟ್ಟಿಗೇ ಬೀಳುತ್ತವೆ. ಕೈ ದೇಹವನ್ನು ಮುಂದಕ್ಕೆ ಎಳೆಯುವ ಹೊತ್ತಿಗೇ ತೊಡೆ ಎದುರು ನಿಂತಿರುತ್ತದೆ, ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಕೈ ಮುಂದಕ್ಕೆ ಚಾಚಿ ಮೊಣಕೈ ನೇರವಾಗುತ್ತಾ ಬಂದಾಗ ಕಿಕ್ ಬೀಳಬೇಕು, ಒದೆತದ ಬಲ ನೇರವಾದ ದೇಹದ ಹಿಂದೆ ಬೀಳಬೇಕು. ಈ ಟೈಮಿಂಗ್ ಕೂರಿಸಲು ಹಳೆಯ ಡ್ರಿಲ್ಲೇ ಸಾಕು: ಎರಡು ಕಿಕ್, ಒಂದು ಪುಲ್ (ಕೈ ಎಳೆತ). ಮೊದಲ ಕಿಕ್ ಪೂರ್ತಿ ಸ್ಟ್ರೋಕಿನದು, ಎರಡನೆಯದು ಕೈ ಚಾಚಿಕೊಂಡೇ, ತಲೆ ನೀರಿನೊಳಗೆ. 8 ಸಲ 25 ಮೀಟರ್, ನಡುವೆ 20 ಸೆಕೆಂಡು ವಿಶ್ರಾಂತಿ. ಅದಾದ ಕೂಡಲೇ ನಾಲ್ಕು ಸಲ 25 ಮೀಟರ್ ಮಾಮೂಲಿ ಬ್ರೆಸ್ಟ್, ಸ್ಟ್ರೋಕ್ ಎಣಿಸುತ್ತಾ. ಅದೇ ಸಮಯಕ್ಕೆ ಒಂದೆರಡು ಸ್ಟ್ರೋಕ್ ಕಡಿಮೆಯಾದರೆ ಡ್ರಿಲ್ ಕೆಲಸ ಮಾಡಿದೆ. ಸ್ಟ್ರೋಕ್ ಕಡಿಮೆಯಾಗಿ ಸಮಯ ಹೆಚ್ಚಾಗಿದ್ದರೆ ಮಗು ಸುಮ್ಮನೆ ತೇಲುತ್ತಿದೆ ಎಂದರ್ಥ.

ಪೀಟಿ ದೊಡ್ಡ ಮಟ್ಟದಲ್ಲಿ ಕಾಣಿಸಿಕೊಂಡದ್ದು 2014ರಲ್ಲಿ, ಹತ್ತೊಂಬತ್ತರ ವಯಸ್ಸಿಗೆ. ಗ್ಲ್ಯಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ 100 ಮೀಟರ್‌ನಲ್ಲಿ 58.94ಕ್ಕೆ ಮುಗಿಸಿ, ಲಂಡನ್ ಒಲಿಂಪಿಕ್ಸ್ ಚಾಂಪಿಯನ್ ಆಗಿದ್ದ ದಕ್ಷಿಣ ಆಫ್ರಿಕಾದ ಕ್ಯಾಮರಾನ್ ವಾನ್ ಡೆರ್ ಬರ್ಗ್ ಅವರನ್ನು ಸೋಲಿಸಿದರು. ಮರುವರ್ಷ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ 57.92. ಅಲ್ಲಿಯವರೆಗೆ 58ರ ಒಳಗೆ ಯಾರೂ ಬಂದಿರಲಿಲ್ಲ. 2015ರ ಕಜಾನ್, 2017ರ ಬುಡಾಪೆಸ್ಟ್, 2019ರ ಗ್ವಾಂಗ್ಜು, ಮೂರೂ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ 50 ಮತ್ತು 100 ಮೀಟರ್ ಎರಡರ ಚಿನ್ನವೂ ಅವರದೇ. ಬುಡಾಪೆಸ್ಟ್‌ನಲ್ಲಿ 50 ಮೀಟರ್‌ನ ದಾಖಲೆ 25.95ಕ್ಕೆ ಇಳಿಯಿತು.

2016ರ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ 57.13. ಎರಡನೆಯವರಾದ ವಾನ್ ಡೆರ್ ಬರ್ಗ್ 58.69. ನೂರು ಮೀಟರ್‌ನಲ್ಲಿ ಒಂದೂವರೆ ಸೆಕೆಂಡಿನ ಅಂತರ! ಬ್ರಿಟನ್ನಿನ ಗಂಡಸರಲ್ಲಿ ಒಲಿಂಪಿಕ್ಸ್ ಈಜಿನ ಚಿನ್ನ ಅದಕ್ಕೂ ಹಿಂದೆ ಬಂದಿದ್ದು 1988ರ ಸಿಯೋಲ್‌ನಲ್ಲಿ, ಅದೂ ಇದೇ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ. ಆಗ ಏಡ್ರಿಯನ್ ಮೂರ್‌ಹೌಸ್ ಗೆದ್ದದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ.

ರಿಯೊ ಮುಗಿದ ಮೇಲೆ ಪೀಟಿ ಮತ್ತು ಮಾರ್ಷಲ್ ಹಾಕಿಕೊಂಡ ಗುರಿಗೆ ‘ಪ್ರಾಜೆಕ್ಟ್ 56’ ಎಂದು ಹೆಸರಿಟ್ಟರು. 57ರ ಒಳಗೆ ಬರಬೇಕು. ಅದು ಈಡೇರಲು ಮೂರು ವರ್ಷ ಹಿಡಿಯಿತು. ಎರಡು ಓಟಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ರಿಯೊದಲ್ಲಿ ಮೊದಲ 50 ಮೀಟರ್ 26.61, ಹಿಂತಿರುಗುವ 50 ಮೀಟರ್ 30.52. ಗ್ವಾಂಗ್ಜುವಿನ ಸೆಮಿಫೈನಲ್‌ನಲ್ಲಿ ಮೊದಲರ್ಧ 26.63, ಎರಡನೆಯದು 30.25. ಮೊದಲ ಲ್ಯಾಪ್ ಎರಡು ನೂರನೇ ಭಾಗ ನಿಧಾನವೇ ಆಗಿದೆ. ದಾಖಲೆಯಲ್ಲಿ ಇಳಿದ ಕಾಲು ಸೆಕೆಂಡು ಪೂರ್ತಿ ಬಂದದ್ದು ಹಿಂತಿರುಗುವ ಲ್ಯಾಪ್‌ನಿಂದ. ನನಗೆ ಈ ವೃತ್ತಿಜೀವನದಲ್ಲಿ ಅತ್ಯಂತ ಮೆಚ್ಚುಗೆಯಾಗುವ ಅಂಕಿಗಳು ಇವೇ. ಜಗತ್ತಿನ ಅತಿ ವೇಗದ ಮನುಷ್ಯ ಇನ್ನೂ ವೇಗವಾಗಿ ಹೊರಡಲು ಹೋಗಲಿಲ್ಲ, ದಣಿದ ಮೇಲೂ ಸ್ಟ್ರೋಕ್ ಕೆಡದಂತೆ ನೋಡಿಕೊಳ್ಳುವುದನ್ನು ಕಲಿತರು.

ಎರಡನೆಯ ಲ್ಯಾಪ್‌ನಲ್ಲಿ ಕೆಡುವುದು ಏನು? ಮೊದಲು ಕಾಲು. ಒಳತೊಡೆ ಮತ್ತು ಪೃಷ್ಠದ ಸ್ನಾಯುಗಳು ಉರಿಯತೊಡಗಿದಾಗ ಹಿಮ್ಮಡಿ ಪೂರ್ತಿ ಮೇಲೆ ಬರುವುದಿಲ್ಲ, ಕಿಕ್ ಅರ್ಧಕ್ಕೆ ನಿಲ್ಲುತ್ತದೆ. ಕಡಿಮೆಯಾದ ವೇಗವನ್ನು ತುಂಬಲು ಈಜುಗಾರ ಕೈಯನ್ನು ಇನ್ನೂ ಅಗಲಕ್ಕೆ, ಇನ್ನೂ ಹಿಂದಕ್ಕೆ ಎಳೆಯುತ್ತಾನೆ. ಆಗ ಮೊಣಕೈ ಪಕ್ಕೆಲುಬಿನ ಹಿಂದೆ ಸಿಕ್ಕಿಕೊಂಡು ಮುಂದಕ್ಕೆ ಬರುವುದು ತಡವಾಗುತ್ತದೆ, ತಲೆ ಜಾಸ್ತಿ ಎತ್ತಬೇಕಾಗುತ್ತದೆ, ಸೊಂಟ ಮುಳುಗುತ್ತದೆ. ಬ್ರೇಕು ಇಮ್ಮಡಿ. ಕೊನೆಯ 15 ಮೀಟರ್‌ನಲ್ಲಿ ಈಜುಗಾರ ನಿಂತಲ್ಲೇ ನಿಂತ ಹಾಗೆ ಕಾಣುವುದು ಇದರಿಂದ. ಉಸಿರು ಸಾಲದೆ ಹೀಗಾಯಿತು ಎಂದು ಪೋಷಕರು ತಿಳಿಯುತ್ತಾರೆ. ಬಹಳ ಸಲ ಉಸಿರಿಗಿಂತ ಮೊದಲು ಕೈಕೊಟ್ಟಿರುವುದು ಕಿಕ್.

ಇದಕ್ಕೆ ಮದ್ದು ರೇಸ್ ವೇಗದ ಚಿಕ್ಕ ಸೆಟ್‌ಗಳು. ನಿಮ್ಮ ಮಗುವಿನ 100 ಮೀಟರ್ ಸಮಯ 1 ನಿಮಿಷ 20 ಸೆಕೆಂಡು ಎಂದುಕೊಳ್ಳಿ. ಡೈವ್‌ನ ಲಾಭದಿಂದ ಮೊದಲ 50 ಸುಮಾರು 38, ಎರಡನೆಯದು 42. ಹಾಗಾದರೆ ಸೆಟ್ ಹೀಗೆ: ಗೋಡೆಯಿಂದ ತಳ್ಳಿಕೊಂಡು ಹೊರಟು 50 ಮೀಟರ್ ಅನ್ನು 42 ಸೆಕೆಂಡಿಗೆ ಮುಗಿಸಬೇಕು, ಎರಡು ನಿಮಿಷಕ್ಕೊಮ್ಮೆ ಒಂದರಂತೆ 6 ಸಲ. ಪ್ರತಿ ಸಲವೂ ಸ್ಟ್ರೋಕ್ ಎಣಿಕೆ ಬರೆದಿಡಿ. ಮೊದಲ ಸಲಕ್ಕಿಂತ ಎಣಿಕೆ ಎರಡಕ್ಕಿಂತ ಹೆಚ್ಚಾದರೆ ಅಲ್ಲಿಗೆ ಸೆಟ್ ನಿಲ್ಲಿಸಿ. ಸಮಯ ಸರಿಯಾಗಿಯೇ ಬರುತ್ತಿದ್ದರೂ ನಿಲ್ಲಿಸಿ, ಏಕೆಂದರೆ ಅಲ್ಲಿಂದ ಮುಂದೆ ಮಗು ಅಭ್ಯಾಸ ಮಾಡುವುದು ಕೆಟ್ಟ ಸ್ಟ್ರೋಕನ್ನೇ. ವಾರಕ್ಕೆ ಎರಡು ಸಲ ಇದಾದರೆ ಸಾಕು.

ಇನ್ನು ನೀರಿನೊಳಗಿನ ಭಾಗ. ಬ್ರೆಸ್ಟ್‌ಸ್ಟ್ರೋಕಿನ ನಿಯಮಗಳಲ್ಲಿ ಅತಿ ಹೆಚ್ಚು ಜಗಳ ನಡೆದಿರುವುದು ಇಲ್ಲಿಯೇ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಸಾರು ಫುರುಕಾವಾ 200 ಮೀಟರ್‌ನ ಬಹುಭಾಗವನ್ನು ನೀರಿನಡಿಯಲ್ಲೇ ಈಜಿ ಚಿನ್ನ ಗೆದ್ದರು. ಆಮೇಲೆ ಹಾಗೆ ಈಜುವುದನ್ನು ನಿಷೇಧಿಸಿದರು. ಅಥೆನ್ಸ್‌ನಲ್ಲಿ ಕಿಟಾಜಿಮಾ ನೀರಿನೊಳಗೆ ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಅಲೆಯಂತೆ ಬಡಿಯುವುದು) ಹೊಡೆದರೆಂದು ಅಮೆರಿಕದ ಈಜುಗಾರರು ಆಕ್ಷೇಪ ಎತ್ತಿದರು. ಮರುವರ್ಷ, 2005ರಲ್ಲಿ, ಒಂದು ಡಾಲ್ಫಿನ್ ಕಿಕ್‌ಗೆ ಅಧಿಕೃತ ಅನುಮತಿ ಸಿಕ್ಕಿತು. ಈಗಿರುವ ಕ್ರಮ ಇದು: ಡೈವ್ ಆದ ಮೇಲೆ ಮತ್ತು ಪ್ರತಿ ಟರ್ನ್ ಆದ ಮೇಲೆ ತೊಡೆಯವರೆಗೂ ಪೂರ್ತಿ ಎಳೆಯುವ ಒಂದು ಕೈ ಸ್ಟ್ರೋಕ್, ಬ್ರೆಸ್ಟ್ ಕಿಕ್‌ಗೆ ಮುಂಚೆ ಒಂದೇ ಒಂದು ಡಾಲ್ಫಿನ್ ಕಿಕ್, ನಂತರ ಒಂದು ಬ್ರೆಸ್ಟ್ ಕಿಕ್. ಎರಡನೆಯ ಸ್ಟ್ರೋಕಿನಲ್ಲಿ ಕೈ ಅತಿ ಅಗಲಕ್ಕೆ ತೆರೆದು ಒಳಕ್ಕೆ ತಿರುಗುವ ಮುನ್ನ ತಲೆ ನೀರಿನ ಮೇಲೆ ಬಂದಿರಬೇಕು.

ಇದನ್ನೇ ಪುಲ್‌ಔಟ್ ಎನ್ನುತ್ತೇವೆ. ಅಂತಾರಾಷ್ಟ್ರೀಯ ಮಟ್ಟದ ಗಂಡಸರು ಡೈವ್ ನಂತರ ಇದೊಂದರಿಂದಲೇ ಹತ್ತು ಮೀಟರ್ ದಾಟಿ ಹೋಗುತ್ತಾರೆ, ಮೇಲೆ ಈಜುವ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ. ನಮ್ಮ ಜೂನಿಯರ್ ಕೂಟಗಳಲ್ಲಿ ಇದನ್ನು ಉಸಿರು ಹಿಡಿಯುವ ಪಂದ್ಯ ಎಂದುಕೊಂಡ ಹಾಗೆ ಕಾಣುತ್ತದೆ. ಎಷ್ಟು ಹೊತ್ತು ಒಳಗಿದ್ದೆ ಎಂಬುದಕ್ಕೆ ಬೆಲೆಯಿಲ್ಲ. ಜಾರುವ ವೇಗ ಈಜುವ ವೇಗಕ್ಕೆ ಇಳಿಯುವ ಹೊತ್ತಿಗೆ ಮುಂದಿನ ಚಲನೆ ಬರಬೇಕು, ಅಷ್ಟೇ. ಗೋಡೆ ತಳ್ಳಿದ ಮೇಲೆ ಚಿಕ್ಕ ಮಕ್ಕಳಿಗೆ ಒಂದು ಸೆಕೆಂಡಿನ ಜಾರು ಸಾಕು. ತೊಡೆಯ ಪಕ್ಕಕ್ಕೆ ಬಂದ ಕೈಯನ್ನು ಮತ್ತೆ ಮುಂದಕ್ಕೆ ಒಯ್ಯುವಾಗ ಅಂಗೈ ಹೊಟ್ಟೆ, ಎದೆ, ಗದ್ದಕ್ಕೆ ಅಂಟಿಕೊಂಡ ಹಾಗೇ ಹೋಗಬೇಕು. ಮೊಣಕೈ ಹೊರಕ್ಕೆ ಚಾಚಿದರೆ ಗಳಿಸಿದ ವೇಗ ಅಲ್ಲೇ ಸತ್ತುಹೋಗುತ್ತದೆ. ಕೈ ಕಣ್ಣಿನ ಮುಂದೆ ದಾಟಿದ ಮೇಲೆ ಮಾತ್ರ ಹಿಮ್ಮಡಿ ಎತ್ತಬೇಕು. ತೀರ ಆಳದಲ್ಲಿದ್ದರೆ ಮೇಲೆ ಬರುವ ಕಿಕ್ ದೇಹವನ್ನು ಮುಂದಕ್ಕೆ ತಳ್ಳದೆ ಆಕಾಶದ ಕಡೆಗೆ ತಳ್ಳುತ್ತದೆ. ಡಿಸ್‌ಕ್ವಾಲಿಫಿಕೇಶನ್‌ಗೆ ಮುಖ್ಯ ಕಾರಣಗಳೂ ಇಲ್ಲೇ ಸಿಗುತ್ತವೆ: ಎರಡನೆಯ ಡಾಲ್ಫಿನ್ ಕಿಕ್, ತಡವಾಗಿ ಮೇಲೆ ಬಂದ ತಲೆ. ಇವಲ್ಲದೆ ಟರ್ನ್‌ನಲ್ಲಿ ಎರಡೂ ಕೈ ಒಟ್ಟಿಗೆ ಮುಟ್ಟದಿರುವುದು, ಒಂದು ಪಾದ ಹೊರಕ್ಕೆ ತಿರುಗದೆ ಇಳಿಮುಖವಾಗಿ ಒದೆಯುವುದು. ಕೊನೆಯದನ್ನು ಬೇಗ ಹಿಡಿಯಬೇಕು. ಒಂದು ಕಾಲಿನ ಸೊಂಟದ ಕೀಲು ಬಿಗಿಯಾಗಿದ್ದಾಗ ಆ ಪಾದ ತಾನಾಗಿಯೇ ಒಳಕ್ಕೆ ತಿರುಗುತ್ತದೆ. ಮಗುವಿಗೆ ಗೊತ್ತೇ ಆಗುವುದಿಲ್ಲ.

ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ತಡವಾಗಿ 2021ರಲ್ಲಿ ನಡೆಯಿತು. ಪೀಟಿ 57.37ಕ್ಕೆ ಗೆದ್ದರು. ಒಲಿಂಪಿಕ್ಸ್ ಈಜಿನ ಪಟ್ಟವನ್ನು ಉಳಿಸಿಕೊಂಡ ಮೊದಲ ಬ್ರಿಟಿಷ್ ಈಜುಗಾರ. ನಾಲ್ವರು ಒಬ್ಬೊಬ್ಬರು ಒಂದೊಂದು ಶೈಲಿ ಈಜುವ ಮೆಡ್ಲೆ ರಿಲೇಯಲ್ಲಿ, ಗಂಡಸರು ಹೆಂಗಸರು ಸೇರಿದ ಮಿಶ್ರ ತಂಡಕ್ಕೆ ವಿಶ್ವದಾಖಲೆಯ ಚಿನ್ನ, ಪುರುಷರ ಮೆಡ್ಲೆ ರಿಲೇಯಲ್ಲಿ ಬೆಳ್ಳಿ. ಆದರೆ ಆ ಹೊತ್ತಿಗೆ ಹಿಂದಿದ್ದ ಸ್ಪರ್ಧಿಗಳು ಹತ್ತಿರ ಬಂದಿದ್ದರು. ನೆದರ್ಲೆಂಡ್ಸ್‌ನ ಆರ್ನೊ ಕಾಮಿಂಗಾ ಅದೇ ವರ್ಷ 58ರ ಒಳಗೆ ಬಂದ ಎರಡನೆಯವರಾದರು. ಪೀಟಿ ತೋರಿಸಿದ ಲಯವನ್ನು ಮುಂದಿನವರು ಕಲಿತಿದ್ದರು.

2022ರ ಮೇ ತಿಂಗಳಲ್ಲಿ ತರಬೇತಿಯ ವೇಳೆ ಪೀಟಿಯ ಪಾದದ ಮೂಳೆ ಮುರಿಯಿತು. ಬೇರೆ ಶೈಲಿಯವರಿಗೆ ಪಾದದ ಗಾಯವೆಂದರೆ ಕೆಲವು ವಾರ ಕೈ ಮಾತ್ರ ಆಡಿಸುವುದು. ಬ್ರೆಸ್ಟ್‌ಸ್ಟ್ರೋಕ್‌ನವರಿಗೆ ಮುನ್ನೂಕುವ ಬಲದ ದೊಡ್ಡ ಪಾಲು ಬರುವುದೇ ಕಾಲಿನಿಂದ, ಅದರಲ್ಲೂ ಪಾದವನ್ನು ಮಡಚಿ ಹೊರಕ್ಕೆ ತಿರುಗಿಸಿ ಹಿಡಿಯುವ ಕ್ಷಣದಿಂದ. ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್‌ನ 100 ಮೀಟರ್‌ನಲ್ಲಿ ನಾಲ್ಕನೆಯ ಸ್ಥಾನ. ಎಂಟು ವರ್ಷಗಳಲ್ಲಿ ಆ ದೂರದಲ್ಲಿ ಮೊದಲ ಸೋಲು. ಎರಡು ದಿನ ಬಿಟ್ಟು 50 ಮೀಟರ್‌ನಲ್ಲಿ ಚಿನ್ನ ಗೆದ್ದರು. ಕೆಲವು ವಾರ ತಪ್ಪಿದ ತರಬೇತಿ ಮೊದಲು ಕಸಿದುಕೊಳ್ಳುವುದು ಹಿಂತಿರುಗುವ ಲ್ಯಾಪ್ ಅನ್ನೇ. 50 ಮೀಟರ್‌ನಲ್ಲಿ ಆ ಲ್ಯಾಪ್ ಇಲ್ಲ.

2023ರಲ್ಲಿ ಮಾನಸಿಕ ಆರೋಗ್ಯದ ಕಾರಣ ಹೇಳಿ ಬ್ರಿಟಿಷ್ ಚಾಂಪಿಯನ್‌ಷಿಪ್‌ನಿಂದ ಹಿಂದೆ ಸರಿದರು. ಖಿನ್ನತೆಯ ಬಗ್ಗೆ, ಕುಡಿತದ ಬಗ್ಗೆ ಬಹಿರಂಗವಾಗಿ ಮಾತಾಡಿದರು. ದಿನಕ್ಕೆರಡು ಸಲ ಕೊಳ, ವಾರಕ್ಕೆ ಮೂರು ಸಲ ಜಿಮ್, ಇಡೀ ವರ್ಷದ ಫಲ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ತೀರ್ಮಾನ. ಹತ್ತು ವರ್ಷ ಹೀಗೆ ಬದುಕಿದವರು ನಿಲ್ಲಬೇಕು ಅನ್ನಿಸಿದಾಗ ನಿಂತದ್ದನ್ನು ನಾನು ಗೌರವದಿಂದ ನೋಡುತ್ತೇನೆ. ಆ ವರ್ಷ ಜಪಾನಿನ ಫುಕುವೊಕಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚೀನಾದ ಚಿನ್ ಹೈಯಾಂಗ್ 50, 100, 200 ಮೂರನ್ನೂ ಗೆದ್ದರು, 200 ಮೀಟರ್‌ನ ವಿಶ್ವದಾಖಲೆಯನ್ನು 2:05.48ಕ್ಕೆ ಇಳಿಸಿದರು.

ಪ್ಯಾರಿಸ್, 2024ರ ಜುಲೈ 28. ಇಟಲಿಯ ನಿಕೊಲೊ ಮಾರ್ಟಿನೆಂಘಿ 59.03. ಪೀಟಿ ಮತ್ತು ಅಮೆರಿಕದ ನಿಕ್ ಫಿಂಕ್ ಇಬ್ಬರೂ 59.05, ಇಬ್ಬರಿಗೂ ಬೆಳ್ಳಿ. ಮರುದಿನ ಪೀಟಿಗೆ ಕೋವಿಡ್ ಇರುವುದು ಗೊತ್ತಾಯಿತು. ಎರಡು ನೂರನೇ ಭಾಗ ಎಂದರೆ ಆ ವೇಗದಲ್ಲಿ ಸುಮಾರು ಮೂರು ಸೆಂಟಿಮೀಟರ್, ಎರಡು ಬೆರಳಿನ ಅಗಲ. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಫಿನಿಶ್ ಇಷ್ಟು ಕಠಿಣವಾಗುವುದಕ್ಕೂ ಅದೇ ಬ್ರೇಕು ಕಾರಣ. ಕೈ ಚಾಚಿದಾಗ ಗೋಡೆ ಅಂಗೈಯಷ್ಟು ದೂರದಲ್ಲಿದ್ದರೆ ಎರಡೇ ದಾರಿ: ಜಾರುತ್ತಾ ಕಾಯಬೇಕು, ಇಲ್ಲವೇ ಇನ್ನೊಂದು ಅರ್ಧ ಸ್ಟ್ರೋಕ್ ತೆಗೆಯಬೇಕು. ಅರ್ಧ ಸ್ಟ್ರೋಕ್ ತೆಗೆದವರು ಕಾಲು ಮಡಚಿ ಮತ್ತೊಮ್ಮೆ ವೇಗ ಕಳೆದುಕೊಳ್ಳುತ್ತಾರೆ. ಅಂತರ ಒಂದು ಅಡಿಗಿಂತ ಕಡಿಮೆಯಿದ್ದರೆ ತಲೆ ತಗ್ಗಿಸಿ, ಭುಜ ಕಿವಿಗೆ ಒತ್ತಿ, ಬೆರಳು ಚಾಚಿ ಜಾರುವುದೇ ಲೇಸು. ಆದರೆ ಒಳ್ಳೆಯ ಉಪಾಯ ಇರುವುದು ಇನ್ನೂ ಹಿಂದೆ. ಕೊಳದ ಮೇಲೆ ಅಡ್ಡಕ್ಕೆ ಕಟ್ಟಿದ ಧ್ವಜಗಳ ಕೆಳಗೆ, ಅಂದರೆ ಗೋಡೆಗೆ 5 ಮೀಟರ್ ಇರುವಾಗಲೇ, ಇನ್ನೆಷ್ಟು ಸ್ಟ್ರೋಕ್ ಎಂದು ಗೊತ್ತಿರಬೇಕು. ರೇಸ್ ವೇಗದಲ್ಲಿ, ದಣಿದ ಮೇಲೆ, ಅದನ್ನು ಎಣಿಸಿಟ್ಟುಕೊಳ್ಳಬೇಕು. ಬೆಳಗಿನ ತಾಜಾ ಮೈಯಲ್ಲಿ ಎಣಿಸಿದ ಲೆಕ್ಕ ರೇಸಿನ ಕೊನೆಗೆ ಸುಳ್ಳಾಗುತ್ತದೆ.

ವೃತ್ತಿಜೀವನ ಎಂದಾಗ ನೀರಿನ ಹೊರಗಿನ ಒಂದು ವಿಷಯವನ್ನೂ ಹೇಳಲೇಬೇಕು. ಲಿಥುವೇನಿಯಾದ ರೂಟಾ ಮೈಲುಟೀಟೆ 2012ರ ಲಂಡನ್‌ನಲ್ಲಿ ಹದಿನೈದನೇ ವಯಸ್ಸಿಗೇ 100 ಮೀಟರ್ ಚಿನ್ನ ಗೆದ್ದವರು. 2019ರಲ್ಲಿ ಅವರಿಗೆ ಎರಡು ವರ್ಷದ ನಿಷೇಧ ಬಿತ್ತು. ಕಾರಣ, ಹನ್ನೆರಡು ತಿಂಗಳಲ್ಲಿ ಮೂರು ಸಲ ಉದ್ದೀಪನ ಮದ್ದು ತಪಾಸಣೆಗೆ ಸಿಗದಿದ್ದುದು. ತಪಾಸಣೆಯ ನೋಂದಾಯಿತ ಪಟ್ಟಿಗೆ ಸೇರಿದ ಕ್ರೀಡಾಪಟು ಪ್ರತಿ ದಿನಕ್ಕೂ ಒಂದು ಗಂಟೆ ಎಲ್ಲಿ ಸಿಗುತ್ತೇನೆಂದು ಮುಂಚಿತವಾಗಿ ತಿಳಿಸಿರಬೇಕು; ಊರಿಗೆ ಹೋದರೆ, ಮದುವೆಗೆ ಹೋದರೆ ಅದನ್ನೂ ತಿದ್ದಬೇಕು. ಮೈಲುಟೀಟೆ ನಿಷೇಧ ಮುಗಿಸಿ ಮರಳಿ ಬಂದು 2023ರಲ್ಲಿ 50 ಮೀಟರ್ ಅನ್ನು 29.16ಕ್ಕೆ ಈಜಿ ವಿಶ್ವದಾಖಲೆ ಬರೆದರು.

ನಮ್ಮ ಕಡೆಗೆ ಬಂದರೆ, ದೆಹಲಿಯವರಾದ ಸಂದೀಪ್ ಸೆಜ್ವಾಲ್ ಬೆಂಗಳೂರಿನಲ್ಲಿ ಕೋಚ್ ನಿಹಾರ್ ಅಮೀನ್ ಅವರ ಬಳಿ ತಯಾರಾದರು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 100 ಮತ್ತು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿದರು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಕಂಚು ಗೆದ್ದರು, 28.26 ಸೆಕೆಂಡಿಗೆ. ಪ್ಯಾರಿಸ್‌ಗೆ ನೇರ ಅರ್ಹತೆಯ ಸಮಯ 100 ಮೀಟರ್‌ಗೆ 59.49 ಆಗಿತ್ತು. ಒಲಿಂಪಿಕ್ಸ್‌ನ ‘ಎ’ ಸಮಯ, ಅಂದರೆ ಇಂಥ ನೇರ ಅರ್ಹತೆಯ ಸಮಯ, ಮುಟ್ಟಿದ ಭಾರತೀಯರು ಟೋಕಿಯೊಗೆ ಹೋದ ಸಾಜನ್ ಪ್ರಕಾಶ್ ಮತ್ತು ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್. ಒಬ್ಬರದು ಬಟರ್‌ಫ್ಲೈ, ಇನ್ನೊಬ್ಬರದು ಬ್ಯಾಕ್‌ಸ್ಟ್ರೋಕ್. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಆ ಜಾಗ ಇನ್ನೂ ಖಾಲಿಯಿದೆ.

ಇನ್ನು ನೀವು ಕೇಳಿದ ಪ್ರಶ್ನೆಗಳು.

‘ಮಗಳಿಗೆ ಹನ್ನೆರಡು ವರ್ಷ. ಬ್ರೆಸ್ಟ್ ಮಾಡಿದ ದಿನ ಮಂಡಿಯ ಒಳಬದಿ ನೋಯುತ್ತೆ ಅಂತಾಳೆ ಸರ್.’ ಇದಕ್ಕೆ ಬ್ರೆಸ್ಟ್‌ಸ್ಟ್ರೋಕ್ ಮಂಡಿನೋವು ಎಂದೇ ಹೆಸರಿದೆ. ಕಿಕ್ ಅಗಲವಾದಷ್ಟೂ ಮಂಡಿಯ ಒಳಬದಿಯ ಅಸ್ಥಿರಜ್ಜು ಹಿಗ್ಗುತ್ತದೆ. ಸೊಂಟದ ಕೀಲು ಒಳಮುಖವಾಗಿ ತಿರುಗದಿದ್ದರೆ ಆ ತಿರುವು ಮಂಡಿಯ ಮೇಲೆ ಬೀಳುತ್ತದೆ. ಮೊದಲು ನೋವು ಹೋಗುವವರೆಗೆ ಬ್ರೆಸ್ಟ್ ಕಿಕ್ ಬಿಡಿಸಿ, ಕೈ ಅಭ್ಯಾಸವನ್ನು ಫ್ರೀಸ್ಟೈಲ್ ಕಿಕ್ ಜೊತೆ ಮಾಡಿಸಿ. ಮರಳಿ ಶುರು ಮಾಡುವಾಗ ದಿನಕ್ಕೆ 200 ಮೀಟರ್ ಕಿಕ್‌ನಿಂದ ಆರಂಭಿಸಿ ವಾರ ವಾರಕ್ಕೆ ಸ್ವಲ್ಪ ಹೆಚ್ಚಿಸಿ. ಅಂಗಾತ ಮಲಗಿ, ಮಂಡಿ ನೀರಿನ ಮೇಲೆ ಕಾಣದಂತೆ ಒದೆಯುವ ಡ್ರಿಲ್ ಕಿಕ್‌ನ ಅಗಲವನ್ನು ತಾನೇ ತಿದ್ದುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ತೆರೆದ ಕೊಳಗಳ ಬೆಳಗಿನ ನೀರು ತಣ್ಣಗಿರುತ್ತದೆ. ಆಗ ದಡದ ಮೇಲೆ ಹತ್ತು ನಿಮಿಷ ಸೊಂಟ ಮತ್ತು ಒಳತೊಡೆಯನ್ನು ಬಿಸಿ ಮಾಡಿಕೊಂಡು, ನೀರಿನಲ್ಲಿ ಕನಿಷ್ಠ 400 ಮೀಟರ್ ಬೇರೆ ಶೈಲಿ ಈಜಿದ ಮೇಲೆಯೇ ಬ್ರೆಸ್ಟ್. ಎರಡು ವಾರದಲ್ಲಿ ನೋವು ಇಳಿಯದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.

‘ಯಾವ ವಯಸ್ಸಿಗೆ ಬ್ರೆಸ್ಟ್ ಒಂದನ್ನೇ ಹಿಡಿಸಬೇಕು?’ ಹದಿಮೂರು, ಹದಿನಾಲ್ಕರವರೆಗೆ ಬೇಡ. ನಾಲ್ಕೂ ಶೈಲಿ, ಅದರ ಜೊತೆ 200 ಮೀಟರ್ ಇಂಡಿವಿಜುವಲ್ ಮೆಡ್ಲೆ (ಒಬ್ಬರೇ ನಾಲ್ಕೂ ಶೈಲಿ ಈಜುವ ಸ್ಪರ್ಧೆ). ಫ್ರೀಸ್ಟೈಲ್‌ನಿಂದ ಬರುವ ಶ್ವಾಸಬಲ, ಬಟರ್‌ಫ್ಲೈನಿಂದ ಬರುವ ಬೆನ್ನಿನ ಅಲೆ, ಎರಡೂ ಬ್ರೆಸ್ಟ್‌ಗೆ ಬೇಕೇ ಬೇಕು.

‘ಎಸ್‌ಎಸ್‌ಎಲ್‌ಸಿ ವರ್ಷ ಪೂರ್ತಿ ನಿಲ್ಲಿಸೋಣ ಅಂತಿದೀವಿ.’ ಪೂರ್ತಿ ನಿಲ್ಲಿಸಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ಆ ವಯಸ್ಸಿನಲ್ಲಿ ಮಗುವಿನ ಎತ್ತರ, ತೂಕ, ಕೈಕಾಲಿನ ಉದ್ದ ಎಲ್ಲ ಬದಲಾಗುತ್ತಿರುತ್ತವೆ. ಒಂದು ವರ್ಷ ಬಿಟ್ಟು ಬಂದ ಮಗುವಿಗೆ ಹಳೆಯ ಟೈಮಿಂಗ್ ಹೊಸ ಮೈಗೆ ಕೂರುವುದಿಲ್ಲ, ಎರಡು ಕೂಟಗಳಲ್ಲಿ ಹಿಂದೆ ಬಿದ್ದು ಈಜನ್ನೇ ಬಿಡುತ್ತಾರೆ. ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ ಸಾಕು. ಅದರಲ್ಲಿ 15 ನಿಮಿಷ ಕಿಕ್ ಮತ್ತು ಎರಡು ಕಿಕ್ ಒಂದು ಪುಲ್ ಡ್ರಿಲ್, ಎಂಟು ಪುಲ್‌ಔಟ್, ಉಳಿದದ್ದು ಹಗುರ ಈಜು. ವೇಗ ಹೋದರೆ ಹೋಗಲಿ, ಟೈಮಿಂಗ್ ಉಳಿಯುತ್ತದೆ.

‘2028ರಲ್ಲಿ 50 ಮೀಟರ್ ಬ್ರೆಸ್ಟ್ ಕೂಡ ಒಲಿಂಪಿಕ್ಸ್‌ಗೆ ಬರುತ್ತಂತೆ. ನಮ್ಮ ಹುಡುಗನಿಗೆ ಈಗಿಂದಲೇ 50 ಮಾಡಿಸೋಣವೇ?’ ಲಾಸ್ ಏಂಜಲೀಸ್‌ಗೆ ಬ್ಯಾಕ್, ಬ್ರೆಸ್ಟ್, ಬಟರ್‌ಫ್ಲೈ ಮೂರರಲ್ಲೂ 50 ಮೀಟರ್ ಸೇರಿರುವುದು ನಿಜ. ಪೀಟಿಯೂ ಆ ಒಲಿಂಪಿಕ್ಸ್‌ನ ಮೇಲೆ ಕಣ್ಣಿಟ್ಟು ಮರಳಿ ನೀರಿಗಿಳಿದಿದ್ದಾರೆ. ನಿಮ್ಮ ಹುಡುಗನಿಗೆ ಈಗ ಹದಿಮೂರು ಎಂದಿರಿ. ಕೂಟಗಳಲ್ಲಿ 50 ಧಾರಾಳವಾಗಿ ಈಜಲಿ, ಆದರೆ ತರಬೇತಿಯನ್ನು 200 ಮೀಟರ್‌ಗೆ ತಕ್ಕ ಹಾಗೆ ಕಟ್ಟಿ. 200 ಮೀಟರ್‌ನ ನಾಲ್ಕು ಲ್ಯಾಪ್‌ಗಳಲ್ಲಿ ಮೊದಲನೆಯದನ್ನು ಬಿಟ್ಟು ಉಳಿದ ಮೂರರ ನಡುವೆ ಎರಡು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಾರದಂತೆ, ಸ್ಟ್ರೋಕ್ ಎಣಿಕೆ ಎರಡಕ್ಕಿಂತ ಹೆಚ್ಚು ಏರದಂತೆ ಈಜಲು ಬಂದ ದಿನ, ಕೈಯ ಲಯ ಹೆಚ್ಚಿಸುವ ಮಾತನ್ನು ಕೋಚ್ ಜೊತೆ ಕೂತು ಆಡಿ.